ಸಾಯುವವನ ಕೋಟಿನ ಗುಂಡಿ

ಸೇಡಿನ ನಾಟಕ ಬರೆಯುವವರಿಗೆ ಒಗೆಯುವ ಕೆಲಸ ಗೊತ್ತಿರುವುದಿಲ್ಲ. ಕೊಂದವನು ಕೈ ತೊಳೆದುಕೊಂಡು ಮನೆಗೆ ಹೋಗುತ್ತಾನೆ, ಸತ್ತವನು ಎದ್ದು ಮುಖದ ಬಣ್ಣ ಒರೆಸಿಕೊಂಡು ಅವನೂ ಮನೆಗೆ ಹೋಗುತ್ತಾನೆ. ಆ ಕೋಟನ್ನು ಯಾರಾದರೂ ಒಗೆಯಬೇಕಲ್ಲ? ಸೂಜಿಯಕ್ಕನ ಆಯುಷ್ಯವೆಲ್ಲ ಆ 'ಯಾರಾದರೂ' ಆಗುವುದರಲ್ಲೇ ಕಳೆಯಿತು.

ಸೂಜಿಯಕ್ಕ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ. ನಾಟಕ ಕಂಪನಿಯ ವೇಷಭೂಷಣವೆಲ್ಲ ಅವಳ ಸುಪರ್ದಿನಲ್ಲಿತ್ತು. ತುಟಿಗಳ ಮಧ್ಯೆ ಸದಾ ಎರಡು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು, ಮಾತೂ ಅಷ್ಟೇ ಚುಚ್ಚುತ್ತಿತ್ತು, ಹಾಗಾಗಿ ಆ ಹೆಸರು. ರಂಗದ ಹಿಂದೆ, ಮೇಲಟ್ಟಕ್ಕೆ ಹೋಗುವ ಏಣಿಯ ಕೆಳಗೆ, ಅವಳ ಕೋಣೆ. ಒಂದು ಕಿಟಕಿ, ಅದನ್ನು ತೆರೆದರೆ ಪಕ್ಕದ ಕಟ್ಟಡದ ಗೋಡೆ. ಒಂದು ನಲ್ಲಿ, ಒಂದು ಕಲ್ಲಿನ ತೊಟ್ಟಿ, ಹಿಡಿ ಸುಟ್ಟುಹೋದ ಇಸ್ತ್ರಿಪೆಟ್ಟಿಗೆ, ತಲೆಯ ಮೇಲೆ ಅಡ್ಡಡ್ಡಕ್ಕೆ ಕಟ್ಟಿದ ಹಗ್ಗಗಳು, ಹಗ್ಗದ ತುಂಬ ರಾಜರು, ರಾಣಿಯರು, ಕೊಲೆಗಡುಕರು. ಅವಳ ಅಮ್ಮನೂ ಇದೇ ಕೋಣೆಯಲ್ಲಿ ಇದೇ ಕೆಲಸ ಮಾಡಿದವಳು. ಯಾವಳೋ ರಾಣಿಯ ಲಂಗದ ಅಂಚು ಹಿಡಿದುಕೊಂಡೇ ಸೂಜಿಯಕ್ಕ ನಡೆಯಲು ಕಲಿತದ್ದು. ಅವಳ ಗಂಡ ಮುದ್ರಣಾಲಯದಲ್ಲಿ ಕೆಲಸ ಮಾಡುವ ಸಾಧು ಮನುಷ್ಯ. ಮದುವೆಗೆ ಮುಂಚೆ ಒಮ್ಮೆ ನಾಟಕ ನೋಡಲು ಬಂದವನು ಎರಡನೇ ಅಂಕದಲ್ಲಿ ಗೊರಕೆ ಹೊಡೆದಿದ್ದ. ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ, ಅವನಿಗೂ ಅದೇ ಬೇಕಾಗಿತ್ತು.

ಅಪ್ಪ ಕಂಪನಿಯ ದೊಡ್ಡ ನಟ. ಅವನಿಗೆ ಮೂರು ಮಕ್ಕಳು. ಮೇಲೊಬ್ಬ ಅಣ್ಣ, ಕೆಳಗೊಬ್ಬ ತಮ್ಮ, ನಡುವೆ ಇವಳು. ಗಂಡುಮಕ್ಕಳಿಬ್ಬರೂ ನಟರಾದರು. ನಡುವೆ ಹುಟ್ಟಿದ ತಪ್ಪಿಗೆ ಇವಳು ಇಬ್ಬರ ಕೋಟುಗಳನ್ನೂ ಹೊಲಿದಳು, ಇಬ್ಬರ ಬೈಗುಳವನ್ನೂ ತಿಂದಳು.

ಕಂಪನಿಯ ಹೊಟ್ಟೆ ಹೊರೆಯುತ್ತಿದ್ದದ್ದು ಒಂದೇ ಒಂದು ನಾಟಕ. ತುಂಬಾ ಹಳೆಯದು, ಹೆಸರುವಾಸಿಯಾದದ್ದು. ಒಂದು ಕೋಟೆಯ ಒಡೆಯನನ್ನು ಅವನ ಗೆಳೆಯನೇ ಕೊಂದು ಕೋಟೆ ಕಿತ್ತುಕೊಳ್ಳುತ್ತಾನೆ. ಸತ್ತವನ ಮಗ ಬೆಳೆದು ದೊಡ್ಡವನಾಗಿ ಅದೇ ಕೋಟೆಗೆ ಬಾಗಿಲು ಕಾಯುವವನ ವೇಷದಲ್ಲಿ ಬಂದು ಸೇರುತ್ತಾನೆ. ಸೇರಿದವನು ಸುಮ್ಮನೆ ಕೆಲಸ ಮುಗಿಸುತ್ತಾನಾ? ಇಲ್ಲ. ಸಂಚು ಹೂಡುತ್ತಾನೆ, ಕಂಬದ ಹಿಂದೆ ನಿಂತು ಉದ್ದುದ್ದ ಮಾತಾಡುತ್ತಾನೆ, ಯಾರಿಗೋ ಇಟ್ಟ ವಿಷವನ್ನು ಇನ್ಯಾರೋ ಕುಡಿಯುತ್ತಾರೆ. ಐದನೇ ಅಂಕ ಮುಗಿಯುವಾಗ ಕೋಟೆಯಲ್ಲಿ ಹೆಣ ದಾಟಿಕೊಂಡು ನಡೆಯಬೇಕು. ಕೊನೆಗೆ ದೊಡ್ಡ ಮೆಟ್ಟಿಲುಗಳ ತುದಿಯಲ್ಲಿ ಆ ದುಷ್ಟ ಒಡೆಯನಿಗೂ ಕತ್ತಿ ಇಳಿಯುತ್ತದೆ. ನೋಡಿದವರು ಕಣ್ಣೊರೆಸಿಕೊಂಡು, ಎಂಥಾ ದುರಂತ ಎಂದು ನಿಟ್ಟುಸಿರು ಬಿಟ್ಟು ಎದ್ದು ಹೋಗುತ್ತಾರೆ. ಸೂಜಿಯಕ್ಕನಿಗೆ ಮಾತ್ರ ಪ್ರತಿ ಸಲವೂ ಪಿತ್ತ ನೆತ್ತಿಗೇರುತ್ತಿತ್ತು. ಅಷ್ಟು ಜನ ಒಂದೇ ಸೂರಿನಡಿ ಉಂಡು ಮಲಗಿಕೊಂಡಿದ್ದಾರೆ, ಎದುರುಬದುರು ಕೂತು ಒಂದು ಮಾತು ಕೇಳಿದ್ದರೆ ಎರಡನೇ ಅಂಕಕ್ಕೇ ಎಲ್ಲರೂ ಮನೆಗೆ ಹೋಗಬಹುದಿತ್ತಲ್ಲ, ಒಬ್ಬರಿಗೂ ಬಾಯಿಲ್ಲವಾ ಎಂದು ಅವಳು ಇಸ್ತ್ರಿಪೆಟ್ಟಿಗೆಯ ಹತ್ತಿರ ದಿನಾ ಗೊಣಗುತ್ತಿದ್ದಳು.

ಅವಳು ಗೊಣಗುತ್ತಿದ್ದದ್ದು ನಾಟಕದವರ ಬಗ್ಗೆ ಮಾತ್ರ ಅಂತ ಯಾರೂ ತಿಳಿದುಕೊಳ್ಳಬಾರದು.

ಒಡೆಯನ ಕೋಟು ಕೆನೆಬಣ್ಣದ ರೇಷ್ಮೆಯದು. ಊರು ಹಾಳು ಮಾಡುವವನಿಗೆ ಕೆನೆಬಣ್ಣ ಯಾಕೆ ಬೇಕು ಎಂದರೆ, ಕೆಂಪು ಎದ್ದು ಕಾಣಲಿ ಅಂತ. ಕೋಟಿನ ಒಳಗೆ ಎದೆಯ ಹತ್ತಿರ ಒಂದು ಗಟ್ಟಿ ಚರ್ಮದ ತುಂಡು, ಅದರ ಮೇಲೆ ಕೆಂಪು ನೀರು ತುಂಬಿದ ತೆಳು ಚೀಲ. ಕತ್ತಿ ಮೊಂಡು, ಆದರೆ ಚೀಲ ಒಡೆಯಲೆಂದು ತುದಿಗೆ ಅಕ್ಕಿಕಾಳಿನಷ್ಟು ಮೊಳೆ ಇರುತ್ತದೆ. ಚೀಲದ ಮೇಲೆ ಬಿದ್ದರೆ ರಕ್ತ ಚಿಮ್ಮಿ ಚಪ್ಪಾಳೆ ಬೀಳುತ್ತದೆ, ನಾಲ್ಕು ಬೆರಳು ಆಚೆ ಬಿದ್ದರೆ ಮೊಳೆ ನಿಜವಾದ ಪಕ್ಕೆಗೆ ಹೋಗುತ್ತದೆ. ಬಟ್ಟೆ ಒಂದೇ ಜಾಗದಲ್ಲಿ ಹರಿಯಬಾರದು ಎಂದು ಸೂಜಿಯಕ್ಕ ಪ್ರತಿ ಆಟಕ್ಕೂ ಚೀಲದ ಜಾಗ ಸ್ವಲ್ಪ ಬದಲಿಸಿ, ಹಳೆಯ ತೂತನ್ನು ನೂಲು ಕಾಣದಂತೆ ಮುಚ್ಚುತ್ತಿದ್ದಳು.

ಆ ಕಾರಣಕ್ಕೇ ಅಪ್ಪ ಒಂದು ಕಟ್ಟಳೆ ಮಾಡಿದ್ದ. ಆಟ ಶುರುವಾಗುವ ಮುಂಚೆ ಕೊಲ್ಲುವವನು ಸಾಯುವವನ ಕೋಣೆಗೆ ತಾನಾಗಿ ಹೋಗಿ "ಎಲ್ಲಿ?" ಅಂತ ಕೇಳಬೇಕು. ಸಾಯುವವನು ಅವನ ಕೈ ಹಿಡಿದು ಚೀಲವಿರುವ ಜಾಗದ ಮೇಲೆ ಇಡಬೇಕು. ಅಷ್ಟೇ. ಅಪ್ಪ ಎಷ್ಟೋ ವರ್ಷ ಬಾಗಿಲು ಕಾಯುವವನ ಪಾತ್ರ ಮಾಡಿ ಎಷ್ಟೋ ಜನ ಒಡೆಯರನ್ನು ಕೊಂದ. ಕೆಲವರ ಜೊತೆ ಅವನಿಗೆ ಎಣ್ಣೆ ಸೀಗೇಕಾಯಿ ಸಂಬಂಧ. ಆದರೂ ಒಂದು ದಿನವೂ ಕೇಳುವುದನ್ನು ತಪ್ಪಿಸಲಿಲ್ಲ.

ಅಪ್ಪನಿಗೆ ಮಂಡಿ ಸೋತಾಗ ಪಾತ್ರಗಳನ್ನು ಮಕ್ಕಳಿಗೆ ಬಿಟ್ಟುಕೊಟ್ಟ. ಬಾಗಿಲು ಕಾಯುವವನ ಪಾತ್ರ ತನಗೇ ಎಂದು ಅಣ್ಣ ಚಿಕ್ಕಂದಿನಿಂದ ಕನ್ನಡಿಯ ಮುಂದೆ ಕತ್ತಿ ಬೀಸುತ್ತಾ ಬೆಳೆದಿದ್ದ. ಅಪ್ಪ ಅದನ್ನು ತಮ್ಮನಿಗೆ ಕೊಟ್ಟು, ಅಣ್ಣನಿಗೆ ಒಡೆಯನ ಪಾತ್ರ ಕೊಟ್ಟ. ಕೊಲ್ಲುವುದನ್ನು ಯಾರಿಗೆ ಬೇಕಾದರೂ ಕಲಿಸಬಹುದು, ಸಾಯುವುದು ನಿನಗೊಬ್ಬನಿಗೇ ಬರುವುದು ಎಂದ. ಅಪ್ಪನ ಬಾಯಿಂದ ಹೊಗಳಿಕೆ ಬರುವುದೇ ಅಪರೂಪ, ಇದು ಹೊಗಳಿಕೆಯೇ. ಅಣ್ಣನ ಕಿವಿಗೆ ಅದು ಕೆನ್ನೆಗೆ ಬಾರಿಸಿದ ಹಾಗೆ ಕೇಳಿಸಿತು.

ಮೊದಲನೇ ಆಟದ ಸಂಜೆ ತಮ್ಮ ಅಣ್ಣನ ಕೋಣೆಗೆ ಹೋದ. ಹೊಸ ಪಾತ್ರದ ಅಮಲು, ಬಾಗಿಲಲ್ಲಿ ನಾಲ್ಕು ಜನ ಬೇರೆ ನಿಂತಿದ್ದರು. ನಗುತ್ತಾ, ದೊರೆಗಳು ಈವತ್ತು ಎಲ್ಲಿ ಸಾಯುತ್ತೀರಿ ಎಂದು ಕೇಳಿದ. ತಮಾಷೆ, ಅಷ್ಟೇ. ಅಣ್ಣ ಕನ್ನಡಿಯಿಂದ ಮುಖ ತಿರುಗಿಸಲಿಲ್ಲ.

"ಕಣ್ಣಿದ್ರೆ ಹುಡುಕ್ಕೋ," ಅಂದ.

ತಮ್ಮ ಹುಡುಕಿದ. ಅಂದಾಜಿನ ಮೇಲೆ ಚುಚ್ಚಿದ. ಮೊಳೆ ಪಕ್ಕೆಗೆ ಹೋಯಿತು, ಚೀಲ ಒಡೆಯಲಿಲ್ಲ, ಒಡೆಯ ಒಂದು ತೊಟ್ಟು ರಕ್ತವಿಲ್ಲದೆ ಸತ್ತ, ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಒಬ್ಬರು ನಕ್ಕರೆ ಸಾಕು, ದುರಂತ ಅಲ್ಲಿಗೆ ಮುಗಿಯಿತು. ಪರದೆ ಬಿದ್ದ ಮೇಲೆ ಅಣ್ಣ ಪಕ್ಕೆ ಹಿಡಿದುಕೊಂಡು, ತಮ್ಮ ಹಲ್ಲು ಕಚ್ಚಿಕೊಂಡು, ಇಬ್ಬರೂ ಕೂಗಾಡಿದರು. ಇನ್ನು ಈ ಜನ್ಮದಲ್ಲಿ ನಿನ್ನನ್ನು ಕೇಳುವುದಿಲ್ಲ ಎಂದು ತಮ್ಮ, ನೀನು ಕೇಳುವ ತನಕ ನಾನು ಹೇಳುವುದೂ ಇಲ್ಲ ಎಂದು ಅಣ್ಣ. ಅಪ್ಪ ಬೈದ, ಅಮ್ಮ ಅತ್ತಳು. ಇಬ್ಬರೂ ಜಗ್ಗಲಿಲ್ಲ. ಇಂಥದ್ದಕ್ಕೂ ಒಂದು ಜಗಳ, ಥೂ.

ಮಾರನೇ ದಿನವೂ ಆಟ ಇತ್ತಲ್ಲ. ಆಗ ಸೂಜಿಯಕ್ಕ ಒಂದು ಉಪಾಯ ಮಾಡಿದಳು. ಒಡೆಯನ ಕೋಟಿಗೆ ಎರಡು ಸಾಲು ಬಿಳಿ ಗುಂಡಿಗಳು. ಚೀಲದ ಹತ್ತಿರದ ಒಂದು ಬಿಳಿ ಗುಂಡಿ ಕಿತ್ತು ಅಲ್ಲಿ ಒಂದು ಹಿತ್ತಾಳೆ ಗುಂಡಿ ಹೊಲಿದಳು. ದೀಪದ ಬೆಳಕಿಗೆ ಅದು ಕೊಲ್ಲುವವನಿಗೆ ಮಾತ್ರ ಗೊತ್ತಾಗುವಷ್ಟು ಮಿಂಚುತ್ತಿತ್ತು. ಚೀಲದ ಜಾಗ ಬದಲಾದ ಹಾಗೆ ಗುಂಡಿಯ ಜಾಗವೂ ಬದಲಾಯಿತು. ತಮ್ಮ ಕೇಳಬೇಕಾಗಿಲ್ಲ, ಅಣ್ಣ ಹೇಳಬೇಕಾಗಿಲ್ಲ. ಕಂಪನಿಯವರೆಲ್ಲ ಭೇಷ್ ಎಂದರು. ಅವಳಿಗೂ ಹೆಮ್ಮೆಯಾಯಿತು. ನಾಲ್ಕು ದಿನ ಕಳೆದರೆ ಇವರ ಕೋಪ ಇಳಿಯುತ್ತದೆ, ಆಮೇಲೆ ಗುಂಡಿ ಕಿತ್ತರಾಯಿತು ಅಂದುಕೊಂಡಳು.

ನಾಲ್ಕು ದಿನ ಹೋಗಿ ವರ್ಷಗಳಾದವು. ಅಪ್ಪ ಹೋದ, ಅಮ್ಮ ಹೋದಳು. ಅಪ್ಪ ಹೋದ ದಿನ ಇಬ್ಬರೂ ಅವಳ ಒಂದೊಂದು ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು, ಒಬ್ಬನ ಮುಖ ಒಬ್ಬ ನೋಡಲಿಲ್ಲ. ಒಂದೇ ಕಟ್ಟಡದಲ್ಲಿ ಅಣ್ಣನ ಸಂಸಾರ ಮೇಲೆ, ತಮ್ಮನದು ಕೆಳಗೆ. ಹೆಂಡತಿಯರು ಸಕ್ಕರೆ, ಕಾಫಿಪುಡಿ ಕೊಟ್ಟು ತೆಗೆದುಕೊಂಡು ಮಾಡುತ್ತಿದ್ದರು, ಮಕ್ಕಳು ಎರಡೂ ಮನೆಯಲ್ಲಿ ಉಣ್ಣುತ್ತಿದ್ದರು. ಗಂಡಸರಿಬ್ಬರು ಮಾತ್ರ ಮೆಟ್ಟಿಲಲ್ಲಿ ಎದುರಾದರೆ ಒಬ್ಬ ಗೋಡೆ ನೋಡುತ್ತಿದ್ದ, ಒಬ್ಬ ಚಪ್ಪಲಿ ನೋಡುತ್ತಿದ್ದ. ಏನಾದರೂ ಹೇಳಬೇಕಾದರೆ ಸೂಜಿಯಕ್ಕ ಇದ್ದಳಲ್ಲ. ನಿನ್ನ ತಮ್ಮನಿಗೆ ಹೇಳು, ನೀರಿನ ತೊಟ್ಟಿಯ ಮುಚ್ಚಳ ಮುಚ್ಚಲಿ. ನಿನ್ನ ಅಣ್ಣನಿಗೆ ಹೇಳು, ಮುಚ್ಚಳ ತೆಗೆದದ್ದೇ ಅವನ ಮಗ. ಇಬ್ಬರೂ ಒಂದೇ ಕೋಣೆಯಲ್ಲಿ ನಿಂತುಕೊಂಡು ಹೀಗೆ ಹೇಳಿಸುತ್ತಿದ್ದರು. ನಾನೇನು ಅಂಚೆಪೆಟ್ಟಿಗೆಯಾ ಎಂದು ಅವಳು ಬಾಯಿಯ ಗುಂಡುಸೂಜಿ ತೆಗೆದು ಕೂಗುತ್ತಿದ್ದಳು. ಇಬ್ಬರಿಗೂ ಅದು ಕೇಳಿಸುತ್ತಿರಲಿಲ್ಲ.

ಅವರು ಒಬ್ಬರ ಜೊತೆ ಒಬ್ಬರು ಮಾತಾಡುತ್ತಿದ್ದದ್ದು ರಂಗದ ಮೇಲೆ, ಯಾರೋ ಬರೆದ ಮಾತುಗಳಲ್ಲಿ. ಸೇಡು ತೀರಿಸಿಕೊಳ್ಳುತ್ತಿದ್ದದ್ದೂ ಅಲ್ಲೇ.

ಅಣ್ಣನ ಸೇಡು ಸಾವಿನಲ್ಲಿತ್ತು. ಪುಸ್ತಕದ ಪ್ರಕಾರ ಒಡೆಯನಿಗೆ ಸಾಯುವಾಗ ನಾಲ್ಕೇ ಸಾಲು ಮಾತು. ಅವನು ಸಾಯುವ ತನಕ ಕೊಂದವನು ಕತ್ತಿ ಎತ್ತಿ ಹಿಡಿದು ಕಲ್ಲಿನ ಹಾಗೆ ನಿಂತಿರಬೇಕು, ಅದು ಅಪ್ಪನ ಕಾಲದಿಂದ ಬಂದ ಭಂಗಿ. ಅಣ್ಣ ಇದನ್ನು ಹಿಡಿದುಕೊಂಡ. ಒಂದು ಸಾಲು ಹೇಳಿ ಬಿದ್ದ, ಎದ್ದ. ಕಂಬದ ತನಕ ತೆವಳಿದ. ಕಂಬ ಹಿಡಿದು ಇನ್ನೊಂದು ಸಾಲು ಹೇಳಿದ. ಕೆಮ್ಮಿದ. ಸತ್ತ ಎಂದುಕೊಂಡರೆ ಕೈ ಎತ್ತಿದ. ಹೀಗೆ ವರ್ಷದಿಂದ ವರ್ಷಕ್ಕೆ ಅವನ ಸಾವು ಮಳೆಗಾಲದ ಬಳ್ಳಿಯ ಹಾಗೆ ಬೆಳೆಯುತ್ತಾ ಹೋಯಿತು. ತಮ್ಮನ ತೋಳು ಕತ್ತಿ ಹಿಡಿದು ಗಡಗಡ ನಡುಗುತ್ತಿತ್ತು. ಕೊನೆಯ ಬಸ್ಸಿಗೆ ಹೋಗಬೇಕಾದವರು ಬಾಗಿಲ ಹತ್ತಿರ ಒಂಟಿಕಾಲಲ್ಲಿ ನಿಂತು ಇವನ ಪ್ರಾಣ ಹೋಗಲೆಂದು ಕಾಯುತ್ತಿದ್ದರು. ಪರದೆ ಎಳೆಯುವ ಮುದುಕನನ್ನು ಎಲ್ಲರೂ ಪರದೆತಾತ ಎನ್ನುತ್ತಿದ್ದರು. ಅವನಂತೂ ಒಡೆಯನಿಗೆ ಕತ್ತಿ ಬಿದ್ದ ಕೂಡಲೇ ಹೊರಗೆ ಹೋಗಿ, ನೆಮ್ಮದಿಯಾಗಿ ಒಂದು ಟೀ ಕುಡಿದು, ಸರಿಯಾದ ಹೊತ್ತಿಗೆ ಬಂದು ಹಗ್ಗ ಹಿಡಿಯುತ್ತಿದ್ದ.

ತಮ್ಮನ ಸೇಡು ತಳ್ಳುವುದರಲ್ಲಿತ್ತು. ಚುಚ್ಚಿದ ಮೇಲೆ ಒಡೆಯನನ್ನು ಮೆಟ್ಟಿಲ ಮೇಲಿಂದ ಕೆಳಕ್ಕೆ ನೂಕಬೇಕು. ಅಪ್ಪ ನೂಕುವಾಗ ಕಾಣದ ಹಾಗೆ ಕೋಟಿನ ಬೆನ್ನು ಹಿಡಿದುಕೊಂಡೇ ಬಿಡುತ್ತಿದ್ದ. ತಮ್ಮ ಬೀದಿಗೆ ಕಸ ಸುರಿಯುವವನ ಹಾಗೆ ನೂಕುತ್ತಿದ್ದ. ಅಣ್ಣ ಧಡಧಡನೆ ಉರುಳುತ್ತಿದ್ದ. ಎಷ್ಟು ಜೋರಾಗಿ ಉರುಳಿದರೆ ಅಷ್ಟು ನಿಧಾನವಾಗಿ ಸಾಯುತ್ತಿದ್ದ. ಜನಕ್ಕೆ ಇದೆಲ್ಲ ಮಹಾ ಅಭಿನಯವಾಗಿ ಕಾಣಿಸಿತು. ಇಂಥಾ ದ್ವೇಷವನ್ನು ರಂಗದ ಮೇಲೆ ಇನ್ನೆಲ್ಲೂ ನೋಡಿಲ್ಲ ಎಂದು ಪತ್ರಿಕೆಯವರು ಬರೆದರು. ಸೂಜಿಯಕ್ಕ ಅದನ್ನು ಓದಿ, ಒದ್ದೆ ಕೋಟಿನ ಕೆಳಗೆ ಹಾಸಿದಳು.

ಹೀಗೇ ಇನ್ನೆಷ್ಟು ವರ್ಷ ನಡೆಯುತ್ತಿತ್ತೋ. ಅಷ್ಟರಲ್ಲಿ ಅಣ್ಣನ ಬೆನ್ನು ಕೈಕೊಟ್ಟಿತು. ಒಂದು ಬೆಳಿಗ್ಗೆ ಬಲಗಾಲು ಜೋಮು ಹಿಡಿದದ್ದು ಮಧ್ಯಾಹ್ನವಾದರೂ ಬಿಡಲಿಲ್ಲ. ಹೆಂಡತಿಗೂ ಹೇಳದೆ ತಂಗಿಯನ್ನು ಕರೆದುಕೊಂಡು ಮೂಳೆ ಡಾಕ್ಟರ ಹತ್ತಿರ ಹೋದ. ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದು, ಬೆನ್ನುಮೂಳೆಯ ಕೆಳಗಿನ ಭಾಗ ತೋರಿಸಿ, ಇಲ್ಲಿ ಸವೆದು ಹೋಗಿದೆ, ಇನ್ನೊಂದು ಸಲ ಜೋರಾಗಿ ಬಿದ್ದರೆ ಆಮೇಲೆ ಕಾಲು ಏಳದೇ ಹೋಗಬಹುದು ಎಂದರು. ನಡೆದಾಡಬಹುದು, ಕೂರಬಹುದು, ಬೀಳುವುದೊಂದು ಕೂಡದು. ಏನು ಕೆಲಸ ನಿಮ್ಮದು ಎಂದು ಕೇಳಿದರು. ಅಣ್ಣ ಮೇಲೆ ಕೆಳಗೆ ನೋಡಿ, ಆಫೀಸು ಎಂದ.

ಹೊರಗೆ ಬಂದ ಮೇಲೆ ಸೂಜಿಯಕ್ಕ, ಈವತ್ತೇ ತಮ್ಮನಿಗೆ ಹೇಳುತ್ತೇನೆ ಎಂದಳು. ಅಣ್ಣ ರಸ್ತೆಯಲ್ಲೇ ನಿಂತ.

"ಅವನಿಗೆ ಹೇಳಿದ್ರೆ ನಿನ್ನ ಜೊತೆನೂ ನಂಗೆ ಮಾತಿಲ್ಲ," ಅಂದ. "ಅವನು ಬಂದು ಕೇಳಲಿ, ನಾನೇ ಹೇಳ್ತೀನಿ. ಕಂಪನಿ ಯಜಮಾನರ ಕಿವಿಗೆ ಬಿದ್ರೆ ನಾಳೆನೇ ಬೇರೆಯವನಿಗೆ ಕೋಟು ತೊಡಿಸ್ತಾರೆ. ಆ ಮೆಟ್ಟಿಲ ಮೇಲೆ ಸಾಯೋದು ಬಿಟ್ರೆ ನಂಗೆ ಬೇರೆ ಏನೇ ಬರುತ್ತೆ?"

ಅವನು ಹೇಳಿದ ಹಾಗೇ ಮಾಡುವವನು ಎನ್ನುವುದಕ್ಕೆ ಅವಳಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಹೇಳಿದರೆ ಅಣ್ಣ ಕೈತಪ್ಪುತ್ತಾನೆ, ಹೇಳದಿದ್ದರೆ ಅವನ ಕಾಲು ಹೋಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕಿಕೊಂಡ ಹಾಗಾಯಿತು. ಆ ಸಂಜೆ ತಮ್ಮನ ಹತ್ತಿರ ಹೋಗಿ, ಕಾರಣ ಕೇಳಬೇಡ, ಇನ್ನು ಮೇಲೆ ಸ್ವಲ್ಪ ಮೆತ್ತಗೆ ನೂಕು ಎಂದು ಗಲ್ಲ ಹಿಡಿದು ಕೇಳಿಕೊಂಡಳು. ತಮ್ಮ ತನ್ನ ತೋಳಿಗೆ ನೋವಿನ ಮುಲಾಮು ತಿಕ್ಕುತ್ತಾ ಕೂತಿದ್ದ.

"ಮೆತ್ತಗೆ ನೂಕಬೇಕಾದ್ರೆ ಅವನೇ ಬಂದು ಹೇಳ್ಲಿ. ಬಾಯಿಲ್ವಾ ಅವನಿಗೆ?" ಅಂದ. "ಮೊದ್ಲು ಬೇಗ ಸಾಯಕ್ಕೆ ಹೇಳು ನಿನ್ನ ಅಣ್ಣಂಗೆ. ನನ್ನ ಕೈ ಬಿದ್ದುಹೋಗ್ತಿದೆ."

ಅವನು ಬಂದು ಕೇಳಲಿ ಎಂದು ಇವನು, ಅವನೇ ಬಂದು ಹೇಳಲಿ ಎಂದು ಅವನು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಎರಡು ಕೋಣಗಳು. ಅವಳು ಕೋಟಿನ ಬೆನ್ನಿಗೆ ಹತ್ತಿ ತುಂಬಿ ಹೊಲಿದಳು. ಗೂನ ಬಂದವನ ಹಾಗೆ ಕಾಣುತ್ತೇನೆ ಎಂದು ಅಣ್ಣ ಅದನ್ನು ಕಿತ್ತು ಅವಳ ಮುಂದೆಯೇ ಎಸೆದ. ಮೆಟ್ಟಿಲಿಗೆ ಕಂಬಳಿ ಹಾಸಿಸಿದಳು. ಕಾಲಿಗೆ ತೊಡರುತ್ತದೆ ಎಂದು ತಮ್ಮ ತೆಗೆಸಿದ. ಅವತ್ತಿನ ಆಟದಲ್ಲಿ ಅಣ್ಣ ಉರುಳಿದ ಮೇಲೆ ಕಂಬದ ತನಕ ತೆವಳಿದ್ದು ಅಭಿನಯವೋ ನಿಜವೋ ಅವಳಿಗೆ ತಿಳಿಯಲಿಲ್ಲ. ಪರದೆ ಬಿದ್ದ ಮೇಲೂ ಅವನು ತುಂಬ ಹೊತ್ತು ಏಳಲಿಲ್ಲ. ಎದ್ದ ಮೇಲೆ, ಏನಿಲ್ಲ, ಕಾಲು ಜೋಮು ಅಂದ. ಮುಖದ ಬಣ್ಣದ ಮೇಲೆ ಬೆವರು ಧಾರೆಯಾಗಿ ಇಳಿದಿತ್ತು.

ಆ ಕೋಟನ್ನು ತಣ್ಣೀರಿನಲ್ಲಿ ಉಜ್ಜುವಾಗ ಅವಳ ಹೆಬ್ಬೆರಳಿಗೆ ಹಿತ್ತಾಳೆ ಗುಂಡಿ ಸಿಕ್ಕಿತು. ಸಿಕ್ಕಿದ್ದೇ ತಡ, ಇಷ್ಟು ವರ್ಷ ಹೊಳೆಯದೇ ಇದ್ದದ್ದು ಹೊಳೆಯಿತು. ಇವರು ಕೇಳದೇ ಹೇಳದೇ ಬದುಕುವುದಕ್ಕೆ ದಾರಿ ಮಾಡಿಕೊಟ್ಟವಳು ಯಾರು? ಈ ಗುಂಡಿ ಇಲ್ಲದಿದ್ದರೆ ಎರಡನೇ ದಿನವೋ ಮೂರನೇ ದಿನವೋ ಹೊಟ್ಟೆಪಾಡಿಗಾದರೂ ಒಬ್ಬ ಬಾಯಿ ಬಿಡಲೇಬೇಕಿತ್ತು. ಹಠ ಇವರದ್ದು, ಅದಕ್ಕೆ ಅಸ್ತರು ಹೊಲಿದುಕೊಟ್ಟವಳು ತಾನು. ಅವಳಿಗೆ ಅವರಿಬ್ಬರ ಮೇಲಿದ್ದ ಸಿಟ್ಟೆಲ್ಲ ಒಟ್ಟಾಗಿ ಆ ಒಂದು ಗುಂಡಿಯ ಮೇಲೆ ಬಂತು. ಕತ್ತರಿ ತೆಗೆದುಕೊಂಡು ಅದನ್ನು ಕತ್ತರಿಸಿದಳು, ಆ ಜಾಗದಲ್ಲಿ ಉಳಿದವುಗಳಂಥದ್ದೇ ಬಿಳಿ ಗುಂಡಿ ಹೊಲಿದಳು. ಎರಡು ಸಾಲು ಬಿಳಿ ಗುಂಡಿ, ಎಲ್ಲ ಒಂದೇ ಥರ.

ಮಾರನೇ ಸಂಜೆ ಕೋಟು ತೊಡಿಸುವಾಗ ಅಣ್ಣ ಕಿರೀಟ ನೋಡಿಕೊಳ್ಳುತ್ತಿದ್ದನೇ ಹೊರತು ಗುಂಡಿ ನೋಡಲಿಲ್ಲ. ಗುಂಡಿ ನೋಡಬೇಕಾದವನು ಅವನಲ್ಲವಲ್ಲ. ಆಟ ಶುರುವಾಯಿತು. ವಿಷ ಕುಡಿಯಬೇಕಾದವರು ಕುಡಿದರು, ಸಾಯಬೇಕಾದವರು ಸತ್ತರು. ಸೂಜಿಯಕ್ಕ ಪಕ್ಕದ ಪರದೆಯ ಮರೆಯಲ್ಲಿ, ಮೆಟ್ಟಿಲಿಗೆ ಹತ್ತಿರವಾಗಿ ಬಂದು ನಿಂತಳು. ಹಿತ್ತಾಳೆ ಗುಂಡಿ ಅವಳ ಮುಷ್ಟಿಯಲ್ಲಿತ್ತು. ತಮ್ಮ ಕತ್ತಿ ಹಿಡಿದು ಮೆಟ್ಟಿಲು ಹತ್ತಲು ಶುರುಮಾಡಿದ. ಆಗ, ಹೌದು, ಆಗ ಅವಳ ತಲೆಗೆ ಹೊಳೆಯಿತು: ಇವನು ಕೇಳದೇ ಹೋದರೆ? ಮೊದಲನೇ ದಿನದ ಹಾಗೆ ಅಂದಾಜಿನ ಮೇಲೆ ಚುಚ್ಚಿ, ಆ ಸಿಟ್ಟಿಗೆ ಇನ್ನೂ ಜೋರಾಗಿ ನೂಕಿದರೆ? ಇವರನ್ನು ಇಷ್ಟು ವರ್ಷ ನೋಡಿಯೂ ಇವರು ಬುದ್ಧಿವಂತರಾಗುತ್ತಾರೆ ಎಂದು ನಂಬಿದೆನಲ್ಲ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ. ಓಡಿಹೋಗಿ ನಿಲ್ಲಿಸುವ ಹಾಗೂ ಇರಲಿಲ್ಲ, ನೋಡುವವರು ಮುಂದೆಯೇ ಕೂತಿದ್ದರು.

ತಮ್ಮ ಎಡಗೈಯಿಂದ ಒಡೆಯನ ಕೊರಳಪಟ್ಟಿ ಹಿಡಿದ. ಬಾಗಿಲು ಕಾಯುವವನು ಬಾಗಿಲು ಮುಚ್ಚಲು ಬಂದಿದ್ದಾನೆ ಎಂದು ಗುಡುಗಿದ. ಇಲ್ಲಿ ಕತ್ತಿ ಇಳಿಯಬೇಕು. ಇಳಿಯಲಿಲ್ಲ. ಅವನ ಕಣ್ಣು ಗುಂಡಿಗಳ ಸಾಲಿನ ಮೇಲೆ ಮೇಲಿಂದ ಕೆಳಕ್ಕೆ ಹೋಯಿತು, ಕೆಳಗಿಂದ ಮೇಲಕ್ಕೆ ಬಂತು. ಅದೇ ಮಾತನ್ನು ಇನ್ನೊಮ್ಮೆ, ಈ ಸಲ ಮೆಲ್ಲಗೆ, ಹೇಳಿದ. ಜನಕ್ಕೆ ಮೈ ಜುಮ್ಮೆಂದಿತು. ಸೂಜಿಯಕ್ಕನಿಗೆ ಮಾತ್ರ ಗೊತ್ತು, ಅವನು ಹೊತ್ತು ತಳ್ಳುತ್ತಿದ್ದಾನೆ. ಕತ್ತಿ ಹಿಂದಕ್ಕೆ ಹೋಯಿತು. ಅವಳು ಕಣ್ಣು ಮುಚ್ಚಿದಳು. ಏನೂ ಸದ್ದಾಗಲಿಲ್ಲ. ಕಣ್ಣು ಬಿಟ್ಟಾಗ ತಮ್ಮ ಅಣ್ಣನ ಮುಖಕ್ಕೆ ಮುಖ ತಂದು ನಿಂತಿದ್ದ. ಹಣೆಯ ಬಣ್ಣ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು.

"ಎಲ್ಲಿ?" ಅಂದ.

ಅಣ್ಣನ ಕಣ್ಣಲ್ಲಿ ಏನೋ ಮಿಂಚಿದ್ದು ಅವಳಿಗೆ ಕಾಣಿಸಿತು. ಗೆದ್ದಿದ್ದ. ಇಷ್ಟು ವರ್ಷ ಕಾದದ್ದಕ್ಕೆ, ಉರುಳಿದ ಉರುಳಿಗೆಲ್ಲ ಸೇರಿಸಿ, ತಮ್ಮ ಇವತ್ತು ಅವನ ಮುಂದೆ ನಿಂತು ಕೇಳುತ್ತಿದ್ದಾನೆ, ಅದೂ ಅಷ್ಟು ಜನರೆದುರಿಗೆ. ಕಣ್ಣಿದ್ದರೆ ಹುಡುಕಿಕೋ ಎಂದು ಇನ್ನೊಂದು ಸಲ ಅಂದರೆ ಸಾಕು, ಸೇಡು ಮುಗಿಯಿತು. ಅನ್ನುತ್ತಾನೆ ಎಂದೇ ಅವಳಿಗೆ ಅನಿಸಿತು. ಮೊಂಡ, ಅಂದುಬಿಡುತ್ತಾನೆ.

ಅಣ್ಣ ತಮ್ಮನ ಕೈ ಹಿಡಿದುಕೊಂಡ. ಅಪ್ಪ ಹೇಳಿಕೊಟ್ಟಿದ್ದ ಹಾಗೆ, ಮಣಿಕಟ್ಟು ಹಿಡಿದು, ಚೀಲದ ಮೇಲೆ ಇಟ್ಟ. ಆಮೇಲೂ ಕೈ ಬಿಡಲಿಲ್ಲ.

"ಇಲ್ಲಿ," ಅಂದ. "ನೂಕ್ಬೇಡ ಕಣೋ. ಬೆನ್ನು ಹೋಗಿದೆ. ಬಿದ್ರೆ ಇನ್ನು ಏಳಲ್ಲ."

ಕತ್ತಿ ಇಳಿಯಿತು. ಕೆಂಪು ಚಿಮ್ಮಿತು. ನೋಡುವವರು ಮುಂದಕ್ಕೆ ಬಾಗಿ, ಉರುಳುವುದನ್ನು ಕಾಯುತ್ತಾ ಕೂತರು. ಉರುಳಲಿಲ್ಲ. ತಮ್ಮ ಕತ್ತಿ ಬಿಸಾಡಿ ಅಣ್ಣನ ಬೆನ್ನ ಹಿಂದೆ ತೋಳು ಹಾಕಿದ. ಕೊಂದವನೇ ಸತ್ತವನನ್ನು ತಬ್ಬಿಕೊಂಡು, ಪಿಂಗಾಣಿ ಇಳಿಸುವವನ ಹಾಗೆ ಒಂದೊಂದೇ ಮೆಟ್ಟಿಲು ಇಳಿಸಿ, ಕೊನೆಯ ಮೆಟ್ಟಿಲ ಮೇಲೆ ಕೂತು, ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಪುಸ್ತಕದಲ್ಲಿ ಹೀಗೆಲ್ಲೂ ಇರಲಿಲ್ಲ. ಅಣ್ಣ ತನ್ನ ನಾಲ್ಕು ಸಾಲು ಹೇಳಿದ. ಕಂಬದ ತನಕ ಹೋಗಲಿಲ್ಲ, ಕೆಮ್ಮಲಿಲ್ಲ, ಕೈ ಎತ್ತಲಿಲ್ಲ. ಬರೆದಿದ್ದಷ್ಟೇ ಹೇಳಿ, ಕಣ್ಣು ಮುಚ್ಚಿ, ಸತ್ತುಬಿಟ್ಟ.

ಸತ್ತುಬಿಟ್ಟ, ಸರಿ. ಪರದೆ ಬೀಳಬೇಕಲ್ಲ? ಪರದೆತಾತ ಎಂದಿನ ಲೆಕ್ಕದಲ್ಲಿ ಟೀ ಕುಡಿಯಲು ಹೋಗಿದ್ದ. ಹಗ್ಗದ ಹತ್ತಿರ ನರಪಿಳ್ಳೆಯಿಲ್ಲ. ನೋಡುವವರು ನೋಡುತ್ತಲೇ ಇದ್ದಾರೆ, ದೀಪಗಳು ಉರಿಯುತ್ತಲೇ ಇವೆ, ರಂಗದ ಮೇಲೆ ಒಂದು ಹೆಣ, ಅದನ್ನು ತೊಡೆಯ ಮೇಲೆ ಹಾಕಿಕೊಂಡ ಒಬ್ಬ ಕೊಲೆಗಾರ. ಬಾಯಿಗೆ ಬಂದದ್ದೆಲ್ಲ ಬೈದುಕೊಳ್ಳುತ್ತಾ ಸೂಜಿಯಕ್ಕ ಹಿಂದಿನಿಂದ ಸುತ್ತಿಕೊಂಡು ಓಡಿದಳು. ಹಗ್ಗಕ್ಕೆ ಕೈ ಹಾಕಿದಳು. ಎಳೆಯುವ ಮುಂಚೆ ಒಮ್ಮೆ ತಿರುಗಿ ನೋಡಿದಳು.

ಹೆಣದ ತುಟಿ ಅಲುಗುತ್ತಿತ್ತು.

ಏನು ಹೇಳುತ್ತಿದ್ದನೋ ಅವಳಿಗೆ ಕೇಳಿಸಲಿಲ್ಲ. ತಮ್ಮ ತಲೆ ಬಗ್ಗಿಸಿ ಕೇಳುತ್ತಿದ್ದ, ನಡುವೆ ಒಮ್ಮೆ ತಲೆ ಆಡಿಸಿದ, ತಾನೂ ಏನೋ ಅಂದ. ಸತ್ತವನು ಕಣ್ಣು ಮುಚ್ಚಿಕೊಂಡೇ ಅದಕ್ಕೆ ಉತ್ತರ ಕೊಟ್ಟ. ತಮ್ಮನ ಹೆಗಲು ಅಲುಗಲು ಶುರುವಾಯಿತು. ಮುಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಎಷ್ಟೋ ವರ್ಷದಿಂದ ಈ ಕೊನೆಯ ಅಂಕ ಬೇಗ ಮುಗಿದರೆ ಸಾಕಪ್ಪಾ ಎಂದು ಹಾತೊರೆದವಳು ಸೂಜಿಯಕ್ಕ. ಈಗ ಹಗ್ಗ ಅವಳ ಕೈಯಲ್ಲೇ ಇತ್ತು, ಅವಳು ಎಳೆಯಲಿಲ್ಲ. ಬಸ್ಸು ಹೋದರೆ ಹೋಗಲಿ, ಎಲ್ಲರೂ ನಡೆದುಕೊಂಡು ಹೋಗಲಿ ಎಂದು ಹಗ್ಗ ಹಿಡಿದುಕೊಂಡೇ ನಿಂತಳು. ಹೆಣದ ತುಟಿ ನಿಂತ ಮೇಲೂ ಒಂದು ಚೂರು ಕಾದು, ಆಮೇಲೆ ಪರದೆ ಬಿಟ್ಟಳು.

ಚಪ್ಪಾಳೆ ಇನ್ನೂ ಮುಗಿದಿರಲಿಲ್ಲ, ಇಬ್ಬರೂ ಅವಳ ಕೋಣೆಗೆ ನುಗ್ಗಿದರು. ಅವಳು ಅಭ್ಯಾಸದಂತೆ ತುಟಿಗೆ ಗುಂಡುಸೂಜಿ ಕಚ್ಚಿಕೊಂಡು ನಲ್ಲಿಯ ಹತ್ತಿರ ನಿಂತಿದ್ದಳು. ಹಿತ್ತಾಳೆ ಗುಂಡಿ ಇನ್ನೂ ಎಡಗೈ ಮುಷ್ಟಿಯಲ್ಲೇ ಇತ್ತು.

"ಒಂದು ಗುಂಡಿ ನೆಟ್ಟಗೆ ಹೊಲಿಯಕ್ಕಾಗಲ್ವಾ ನಿಂಗೆ?" ಎಂದು ತಮ್ಮ ಶುರುಮಾಡಿದ.

"ಇಷ್ಟು ವರ್ಷದಿಂದ ಮಾಡೋ ಕೆಲಸ," ಎಂದು ಅಣ್ಣ ಮುಂದುವರಿಸಿದ. "ಅವನು ಅಲ್ಲಿ ಕತ್ತಿ ಹಿಡ್ಕೊಂಡು ಪರದಾಡ್ತಿದ್ದಾನೆ."

"ಮೊಳೆ ಇವನ ಪಕ್ಕೆಗೆ ಹೋಗಿದ್ರೆ ಯಾರು ಹೊಣೆ?" ಎಂದು ತಮ್ಮ.

"ಬೆನ್ನು ಮೊದ್ಲೇ ಹೋಗಿದೆ ಅಂತ ನಿಂಗೆ ಗೊತ್ತು. ಇವನಿಗೆ ಒಂದು ಮಾತು ಹೇಳ್ಬಾರ್ದಿತ್ತಾ?"

ಕೊನೆಯ ಈ ಮಾತು ಅಣ್ಣನದೇ. ಹೇಳಿದರೆ ಮಾತಿಲ್ಲ ಎಂದು ರಸ್ತೆಯಲ್ಲಿ ನಿಂತು ಹೇಳಿದ್ದ ಅದೇ ಬಾಯಿ. ಸೂಜಿಯಕ್ಕನ ನಾಲಿಗೆಯ ತುದಿಗೆ ಹತ್ತು ಉತ್ತರ ಬಂದವು. ಆದರೆ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ನಿಂತು, ಒಬ್ಬ ಬಿಟ್ಟಲ್ಲಿಂದ ಇನ್ನೊಬ್ಬ ಹಿಡಿದುಕೊಂಡು ಬೈಯುತ್ತಿದ್ದರು, ಚಿಕ್ಕಂದಿನಲ್ಲಿ ಅಮ್ಮನ ಹತ್ತಿರ ಅವಳ ಮೇಲೆ ಚಾಡಿ ಹೇಳಲು ಒಟ್ಟಿಗೆ ಬರುತ್ತಿದ್ದ ಹಾಗೆ. ಅವಳು ಬೈಗುಳವೆಲ್ಲ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಗುಂಡುಸೂಜಿ ತೆಗೆದಳು.

"ಮರ್ತುಹೋಯ್ತು ಕಣ್ರೋ," ಅಂದಳು. "ವಯಸ್ಸಾಯ್ತು."

ತಮ್ಮನ ಅಂಗಿಯ ಎದೆಯೂ ತೋಳೂ ಕೆಂಪಾಗಿದ್ದದ್ದು ಆಗ ಅವಳ ಕಣ್ಣಿಗೆ ಬಿತ್ತು. ತಬ್ಬಿಕೊಂಡು ಇಳಿಸಿದ್ದನಲ್ಲ. ಇವತ್ತಿನಿಂದ ಒಗೆಯುವುದು ಒಂದಕ್ಕೆ ಎರಡಾಯಿತು, ಬಂತಲ್ಲ ಗ್ರಹಚಾರ ಎಂದುಕೊಂಡಳು. ಬಿಚ್ಚಿ ಎರಡನ್ನೂ, ಒಣಗಿದರೆ ಕಲೆ ಬಿಡುವುದಿಲ್ಲ ಎಂದು ಗದರಿಸಿದಳು. ಅಣ್ಣನಿಗೆ ಕೋಟು ಬಿಚ್ಚಲು ತೋಳು ಹಿಂದಕ್ಕೆ ಬರಲಿಲ್ಲ. ತಮ್ಮ ಅವನ ಹಿಂದೆ ಹೋಗಿ ನಿಂತು, ಎಲ್ಲಿ ನೋಯುತ್ತದೆ ಎಂದು ಕೇಳಿ ಕೇಳಿ, ಒಂದೊಂದೇ ತೋಳು ಎಳೆದುಕೊಟ್ಟ. ಸೂಜಿಯಕ್ಕ ನಲ್ಲಿ ತಿರುಗಿಸಿ ತೊಟ್ಟಿಗೆ ತಣ್ಣೀರು ಬಿಟ್ಟಳು.